ಪುಟದ ಮೇಲೆ ಟವೆಲ್

2003ರಲ್ಲಿ ನಮ್ಮ ಪತ್ರಿಕೆಯ ಜಿಲ್ಲಾ ಪುಟ ಬೆಂಗಳೂರಿನ ಸರ್ವರ್‌ಗೆ ಹೋಯಿತು. ಅಂದು ಭದ್ರಾವತಿಯ ಹಿರಿಯ ವರದಿಗಾರರು ಹೆಗಲಿನ ಕೆಂಪಂಚಿನ ಟವೆಲ್ ತೆಗೆದು ಕಂಪ್ಯೂಟರ್ ಮೇಲೆ ಹಾಸಿದರು.

ಜಿಲ್ಲಾ ಕೇಂದ್ರದ ದುರ್ಗಿಗುಡಿ ಕಚೇರಿಯಿಂದ ನಾನು, ಭದ್ರಾವತಿಯಿಂದ ಅವರು ಒಂದೇ ಫೈಲ್ ತಿದ್ದಬೇಕಿತ್ತು. ಮೊದಲ ವಾರ ನನ್ನ ತಿದ್ದುಪಡಿಯ ಮೇಲೆ ಅವರು ಹಳೆಯ ಪ್ರತಿ ಸೇವ್ ಮಾಡಿದರು. ಮುಂದೂಡಿದ್ದ ಸೇತುವೆಯ ಉದ್ಘಾಟನೆ ನಮ್ಮ ಪತ್ರಿಕೆಯಲ್ಲಿ ನೆರವೇರಿತು. ಆಮೇಲೆ ಬೆಂಗಳೂರಿನವರು ಲಾಕ್ ತಂದರು. ಒಬ್ಬರು ಫೈಲ್ ತೆರೆದರೆ ಇನ್ನೊಬ್ಬರು ಓದಬಹುದಿತ್ತು, ತಿದ್ದುವಂತಿರಲಿಲ್ಲ.

"ಬಸ್ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕ್ತೀವಲ್ಲ, ಅಷ್ಟೇ ಮಾರಾಯ. ಹಾಕಿದವನೇ ತೆಗೀಬೇಕು," ಎಂದು ಅವರು ನನಗೆ ವಿವರಿಸಿದರು. ಯಂತ್ರವನ್ನು ಮಾತ್ರ ನಂಬಲಿಲ್ಲ. ಟವೆಲ್ ಹಾಕಿದಾಗೊಮ್ಮೆ, ತೆಗೆದಾಗೊಮ್ಮೆ ಫೋನ್ ಮಾಡುತ್ತಿದ್ದರು. ಪುಟ ತಮ್ಮ ಹೆಸರಿನಲ್ಲಿರುವಾಗ ಟೀಗೂ ಏಳುತ್ತಿರಲಿಲ್ಲ. ಜನ ನಿಂತಿರುವಾಗ ಸೀಟು ಹಿಡಿದಿಟ್ಟು ತಿರುಗಾಡಬಾರದು ಎಂಬುದು ಅವರ ವಾದ.

ಒಂದು ಸಂಜೆ ಕಾರ್ಖಾನೆಯ ನಿವೃತ್ತ ಫಿಟ್ಟರ್ ಒಬ್ಬರು ಭದ್ರಾವತಿಯಿಂದ ನನಗೆ ಫೋನ್ ಮಾಡಿದರು. ಅವರದೇ ಹೆಸರಿನ ಇನ್ನೊಬ್ಬರು ತೀರಿಕೊಂಡಿದ್ದರು. ನಿಧನ ವಾರ್ತೆಗೆ ಸ್ಟುಡಿಯೋದವರು ಇವರ ಫೋಟೊ ಕೊಟ್ಟು, ಆಮೇಲೆ ಗಾಬರಿಯಾಗಿ ಇವರಿಗೇ ತಿಳಿಸಿದ್ದರು.

"ನಾಳೆ ಮಗಳ ನಿಶ್ಚಿತಾರ್ಥ ಸರ್. ಗಂಡಿನ ಕಡೆಯವರು ನಿಮ್ಮ ಪೇಪರೇ ಓದೋದು. ನಾಳೆ ಒಂದಿನ ನನ್ನ ಬದುಕೋಕೆ ಬಿಡಿ," ಎಂದರು.

ಪುಟ ತೆರೆದೆ. ಫೋಟೊ ಇತ್ತು, ಲಾಕೂ ಇತ್ತು. ಭದ್ರಾವತಿಯಲ್ಲಿ ಕರೆಂಟ್ ಹೋದಾಗ ಕಂಪ್ಯೂಟರ್ ಆರಿತ್ತು, ಸರ್ವರ್‌ನಲ್ಲಿ ಲಾಕ್ ಉಳಿದಿತ್ತು. ಲಾಕೂ ಹೋಯಿತೆಂದುಕೊಂಡು ಹಿರಿಯರು ನಮ್ಮೂರಿನ ವಿದ್ಯಾನಗರದ ಮನೆಗೆಂದು ಬಸ್ ಹತ್ತಿದ್ದರು. ಅವರ ಬಳಿ ಮೊಬೈಲ್ ಇರಲಿಲ್ಲ. ಲಾಕ್ ಹಾಕಿದವರೇ ಹೇಳದೆ ಮುರಿಯುವುದಿಲ್ಲ ಎಂದರು ಬೆಂಗಳೂರಿನವರು.

ಬಸ್ ನಿಲ್ದಾಣಕ್ಕೆ ಹೋಗಿ ಕಾದೆ. ಅವರು ಬಸ್ಸಿನಿಂದ ನಿದ್ದೆಗಣ್ಣಲ್ಲಿ ಇಳಿದರು. ವಿಷಯ ಕೇಳಿ ನನ್ನೊಂದಿಗೆ ಆಟೊದಲ್ಲಿ ದುರ್ಗಿಗುಡಿಗೆ ಬಂದು ಬೆಂಗಳೂರಿಗೆ ಫೋನ್ ಮಾಡಿದರು. ಲಾಕ್ ಮುರಿದರೆ ಸೇವ್ ಮಾಡದೆ ಇರುವುದೆಲ್ಲ ಹೋಗುತ್ತದೆ ಎಂದು ಅಲ್ಲಿಯವರು ಎಚ್ಚರಿಸಿದರು.

"ಅದನ್ನ ಕರೆಂಟು ಆಗ್ಲೇ ತಿಂದಿದೆ. ನನ್ನ ಟವೆಲ್ಲು ಎತ್ತಿ ಬಿಸಾಕ್ರಿ," ಎಂದರು.

ಫೋಟೊ ಬದಲಾಯಿತು. ನಿಶ್ಚಿತಾರ್ಥ ನಡೆಯಿತು. ಪ್ರಕಟಿಸುವ ಮೊದಲು ಫೋಟೊವನ್ನು ಆ ವ್ಯಕ್ತಿಯ ಗುರುತು ಬಲ್ಲ ಒಬ್ಬರಿಗೆ ತೋರಿಸಬೇಕೆಂಬ ನಿಯಮವನ್ನು ಹಿರಿಯರೇ ತಂದರು. ಅದನ್ನು ನಾನು ಇಂದಿಗೂ ಬಿಟ್ಟಿಲ್ಲ.

ಕೆಲವು ವರ್ಷಗಳ ನಂತರ ಹಿರಿಯರು ಹೃದಯಾಘಾತದಿಂದ ತೀರಿಕೊಂಡರು. ನಿಧನ ವಾರ್ತೆ ಬರೆಯಲು ಪುಟ ತೆರೆದೆ. ಭದ್ರಾವತಿ ಕಚೇರಿಗೆ ಫೋನ್ ಮಾಡಿ ಟವೆಲ್ ಹಾಕಿದ್ದೇನೆ ಎಂದೆ. ನಿಯಮದಂತೆ ಅಲ್ಲಿಗೆ ಬಂದು ಅವರ ಫೋಟೊ ನೋಡಿ, ಸರಿಯಾಗಿದೆ ಎಂದು ಹೇಳಿದವರು ಆ ಫಿಟ್ಟರ್.