ದಸ್ತಗೀರನ ಎರಡನೆಯ ಚಹಾ

ನಾಡಿನ ಆರ್ಥಿಕ ಪ್ರಗತಿಗೆ ತಂತ್ರಜ್ಞಾನವೇ ಬೆನ್ನೆಲುಬು ಎಂದು ಸರ್ಕಾರ ಸಾರುತ್ತದೆ. ನಾನು ಒಪ್ಪುತ್ತೇನೆ. ನಮ್ಮೂರು ಐಗಳಿಯಲ್ಲಿ ಮಾತ್ರ ಆ ಬೆನ್ನೆಲುಬಿಗೆ ಸೊಂಟನೋವಿತ್ತು. ಅದು ಬಸ್‌ಸ್ಟ್ಯಾಂಡಿನ ಪಕ್ಕ ಸುಟ್ಟ ಮೋಟರುಗಳಿಗೆ ತಂತಿ ಸುತ್ತುತ್ತ ಕೂತಿರುತ್ತಿತ್ತು. ಹೆಸರು ದಸ್ತಗೀರ.

ಎದುರಿನ ಹೋಟೆಲಿನಿಂದ ಆತ ಯಾವಾಗಲೂ ಎರಡು ಚಹಾ ತರಿಸುತ್ತಿದ್ದ. ಒಂದು ತನಗೆ, ಇನ್ನೊಂದು ಯಾರಾದರೂ ಬಂದರೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮೋಟರು ಸುಟ್ಟವರ ಹೊರತು ಅಲ್ಲಿಗೆ ಯಾರೂ ಬರುತ್ತಿರಲಿಲ್ಲ, ಅವರೂ ಸಿಟ್ಟಿನಲ್ಲೇ ಬರುತ್ತಿದ್ದರು. ಎರಡನೆಯ ಚಹಾ ಕೆನೆಗಟ್ಟಿದ ಮೇಲೆ ಅದನ್ನೂ ತಾನೇ ಕುಡಿದು, ‘ಇವತ್ತ ಮಂದಿಗೆ ಭಾಳ ಕೆಲಸ ಇದ್ದಂಗೈತಿ’ ಎನ್ನುತ್ತಿದ್ದ. ಹೆಡ್‌ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನಾನು ಆ ಎರಡನೆಯ ಚಹಾದ ಅಧಿಕೃತ ಫಲಾನುಭವಿಯಾದೆ.

ನಮ್ಮ ಕಡೆ ದ್ರಾಕ್ಷಿಯನ್ನು ಶೆಡ್ಡಿನ ಬಲೆಗಳ ಮೇಲೆ ಹರವಿ ಒಣಗಿಸುತ್ತಾರೆ. ಅಕಾಲದ ಮಳೆ ಬಂದರೆ ತಾಡಪತ್ರಿ ಇಳಿಸುವಷ್ಟರಲ್ಲಿ ಮಾಲು ಕೆಟ್ಟಿರುತ್ತದೆ. ದಸ್ತಗೀರ ಇದಕ್ಕೊಂದು ಪೆಟ್ಟಿಗೆ ಮಾಡಿದ. ಗಾಳಿಯಲ್ಲಿ ತೇವ ಏರಿದರೆ ಗಂಟೆ ಹೊಡೆಯುತ್ತದೆ. ಪ್ರಥಮ ಪ್ರಯೋಗ ನನ್ನ ಶೆಡ್ಡಿನಲ್ಲಿ. ಸುಡುಬಿಸಿಲಿನಲ್ಲೇ ಗಂಟೆ ಹೊಡೆಯಿತು. ಹೆಣ್ಣಾಳುಗಳು ಓಡೋಡಿ ತಾಡಪತ್ರಿ ಇಳಿಸಿದರು. ಆಕಾಶ ನಿರ್ಮಲವಾಗಿತ್ತು. ನನಗೆಂದು ತರಿಸಿಟ್ಟ ಚಹಾ ಪೆಟ್ಟಿಗೆಯ ಕೆಳಗೆ ಹಬೆಯಾಡುತ್ತಿತ್ತು.

‘ಚಾಚಾ, ನಿಮ್ಮ ಮಳ್ಯಾಗ ಸಕ್ರಿನೂ ಹಾಕ್ಯಾರೇನ್ರಿ?’ ಎಂದಳು ಆಳುಗಳ ಮುಂದಾಳು ಶಾಂತವ್ವ.

ಮುಂದಿನ ವಾರ ಮತ್ತೆ ಗಂಟೆ ಹೊಡೆದಾಗ ಹತ್ತಿರ ಚಹಾ ಇರಲಿಲ್ಲ. ಅರ್ಧ ತಾಸಿನಲ್ಲಿ ಮಳೆ ಬಿತ್ತು. ಸುತ್ತಲಿನ ಶೆಡ್ಡುಗಳಲ್ಲಿ ನೆನೆಯದೆ ಉಳಿದದ್ದು ನನ್ನ ಮಾಲೊಂದೇ.

ಬೆಂಗಳೂರಿನ ಹೊರಗೂ ಹೊಸದನ್ನು ಕಂಡುಹಿಡಿಯುವವರಿಗೆ ಸರ್ಕಾರ ನೆರವು ಕೊಡುತ್ತದೆಂಬ ಸುದ್ದಿ ಆಗಲೇ ಬಂತು. ಸಿಕ್ಕರೆ ಅಥಣಿ, ಕಾಗವಾಡದ ಶೆಡ್ಡುಗಳಿಗೆಲ್ಲ ಪೆಟ್ಟಿಗೆ ಮಾಡಬಹುದು. ದಸ್ತಗೀರನ ಲೆಕ್ಕವೇ ಬೇರೆ: ‘ಪೆಟ್ಟಿಗಿ ಒಯ್ಯಾಕರೆ ಮಂದಿ ಬರ್ತಾರಲ್ರಿ.’

ಅರ್ಜಿ ನಾನೇ ತುಂಬಿದೆ. ನಿಯಮವೊಂದು ಅಡ್ಡ ಬಂತು. ಒಬ್ಬನಿಗೆ ಕೊಡುವುದಿಲ್ಲ, ಕನಿಷ್ಠ ಇಬ್ಬರಿರಬೇಕು. ಪ್ರಗತಿ ಒಂಟಿಯಾಗಿ ತಿರುಗಬಾರದೆಂಬ ಸರ್ಕಾರದ ಕಾಳಜಿ ಶ್ಲಾಘನೀಯ.

‘ಮಾಸ್ತರ್ರ, ಎರಡನೇದು ನಿಮ್ಮ ಹೆಸರು ಹಾಕ್ರಿ. ನನಗ ಬ್ಯಾರೆ ಯಾರದಾರ?’

ಮೇಲಧಿಕಾರಿಯ ಒಪ್ಪಿಗೆಯಿಲ್ಲದೆ ರಜಾಚೀಟಿಗೂ ಸಹಿ ಹಾಕದ ಕೈ ನನ್ನದು. ವಿಚಾರ ಮಾಡಿ ಹೇಳುತ್ತೇನೆ ಎಂದು ಎದ್ದು ಬಂದೆ. ಪಿಂಚಣಿಗೆ ಧಕ್ಕೆಯಾದೀತೇ ಎಂದು ಚಿಕ್ಕೋಡಿಯಲ್ಲಿದ್ದ ಹಳೆಯ ಸಹೋದ್ಯೋಗಿಯೊಬ್ಬರನ್ನು ಕೇಳಿದೆ. ಕಿಸೆಯಲ್ಲಿ ಫೋನಿದ್ದರೂ ಪತ್ರವನ್ನೇ ಬರೆದೆ, ಬಾಯಿಮಾತಿಗೆ ದಾಖಲೆಯಿರುವುದಿಲ್ಲ. ಉತ್ತರ ಬರುವವರೆಗೆ ಬರಿಗೈಯಲ್ಲಿ ಮುಖ ತೋರಿಸಲಾಗದೆ ಅಂಗಡಿಯ ಕಡೆ ಸುಳಿಯಲಿಲ್ಲ.

ಏನೂ ತೊಂದರೆಯಿಲ್ಲವೆಂಬ ಉತ್ತರ ಕೈಸೇರಿದ ದಿನ ಲಗುಬಗೆಯಿಂದ ಹೋದೆ. ಅರ್ಜಿ ಸಲ್ಲಿಸುವ ಕೊನೆಯ ದಿನ ದಾಟಿ ನಾಲ್ಕು ದಿನವಾಗಿತ್ತು. ದಸ್ತಗೀರ ಬೈಯಲಿಲ್ಲ. ಸ್ಟೂಲು ಒರೆಸಿ ಕೊಟ್ಟು, ಕೆನೆಗಟ್ಟಿದ ಲೋಟವನ್ನು ನನ್ನ ಕಡೆ ಸರಿಸಿದ.

‘ದಿನಾ ನಿಮ್ದೂ ತರಸ್ತಿದ್ದೆ ಮಾಸ್ತರ್ರ. ಇವತ್ತಿಂದೂ ಆರೈತಿ. ಕುಡೀರಿ.’

ಕುಡಿದೆ.

ಆ ಚಳಿಗಾಲದಲ್ಲಿ ಆತ ತೀರಿಕೊಂಡ. ಅಂಗಡಿಯಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಪೆಟ್ಟಿಗೆ ನನ್ನ ಶೆಡ್ಡಿನಲ್ಲಿದೆ, ಕೆಲಸ ಮಾಡುತ್ತದೆ. ಅರ್ಜಿ ನನ್ನ ಕಪಾಟಿನಲ್ಲಿದೆ. ಎರಡನೆಯ ಹೆಸರಿನ ಜಾಗ ಖಾಲಿ ಇದೆ.