ಟೀಚರ ಕಾರಿನ ನಾಲ್ಕು ಚಕ್ರ

ಹೋದ ತಿಂಗಳು ನಮ್ಮ ಬೀದಿಯ ಕರೆಂಟು ಕಂಬಗಳಿಗೆ ಬೆಳ್ಳಿ ಬಣ್ಣ ಬಳಿದರು. ತಿನ್ನರಿನ ವಾಸನೆ ಕಿಟಕಿಯಿಂದ ಸೀದಾ ಅಡುಗೆಮನೆಗೆ ನುಗ್ಗಿತು. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನನಗೆ ತಡೆಯಲಾರದಷ್ಟು ನಗು ಬಂತು. ಮಗಳು ಏನಾಯಿತೆಂದು ಕೇಳಿದಳು. ಎಲ್ಲಿಂದ ಶುರು ಮಾಡಿ ಹೇಳುವುದು...

ಮದುವೆಗೆ ಮುಂಚೆ ನಾನು ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೆ. ಮದ್ದೂರಿನಲ್ಲಿ ಬಾಡಿಗೆ ಮನೆ. ಕೆಳಗಡೆ ಮನೆಯ ಒಡತಿ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ಆಗಷ್ಟೇ ನಿವೃತ್ತರಾಗಿದ್ದ ಟೀಚರು. ನಿವೃತ್ತಿಯಾದ ತಿಂಗಳಲ್ಲೇ ಹಳೆಯ ಕಾರೊಂದನ್ನು ಕೊಂಡರು. ಕಾರು ಚೆನ್ನಾಗಿಯೇ ಇತ್ತು, ಚಕ್ರಗಳಿಗೆ ಮಾತ್ರ ತುಕ್ಕು ಹಿಡಿದಿತ್ತು.

ಬೇರೆ ಯಾರಾದರೂ ಆಗಿದ್ದರೆ ಒಂದು ಬಣ್ಣ ಹೊಡೆಸಿ ಸುಮ್ಮನಾಗುತ್ತಿದ್ದರು. ಟೀಚರು ಯಾವ ಲೇಪ ಹೆಚ್ಚು ಕಾಲ ಬಾಳುತ್ತದೆ ಎಂದು ಕಂಡ ಕಂಡವರನ್ನೆಲ್ಲ ಕೇಳಿದರು. ನಮ್ಮ ಕಾರ್ಖಾನೆಯ ಹತ್ತಿರ ಪೌಡರ್ ಕೋಟಿಂಗ್ ಮಾಡುತ್ತಾರೆ ಎಂದೆ ನಾನು. ಅವರ ಯಜಮಾನರು ಪೇಪರಿನಿಂದ ತಲೆಯೆತ್ತಿದರು.

"ಪೌಡ್ರಾ? ಮಕಕ್ಕೆ ಆಕ್ಕತಾರಲ್ಲ, ಅದಾ?"

"ಅಲ್ಲ ಕಣ್ರೀ. ಕರೆಂಟ್ ಕೊಟ್ಟು ಪುಡಿ ಅಂಟಿಸಿ, ಗೂಡೊಳಗಿಟ್ಟು ಬೇಯಿಸ್ತಾರೆ" ಎಂದರು ಟೀಚರು.

"ಇಡ್ಲಿ ಬೇಯ್ಸ್ದಂಗೆ ಅನ್ನು. ನಮ್ಮವ್ವ ನೇಗಿಲ ಗುಳಕ್ಕೆ ಹೊಂಗೆಣ್ಣೆ ಸವರೋಳು. ಒಂದ್ ಚೂರು ತುಕ್ಕು ಕಂಡಿಲ್ಲ ನಾನು."

ಅವರು ತಮಾಷೆಗೆ ಹೇಳಿದ್ದರು. ಟೀಚರು ಬರೆದುಕೊಂಡರು.

ಹದಿನೈದು ದಿನದಲ್ಲಿ ಕಾರು ಸಿದ್ಧವಾಯಿತು. ನಾಲ್ಕು ಚಕ್ರದ ತುಕ್ಕನ್ನೂ ಉಜ್ಜಿಸಿ ತೆಗೆಸಿದ್ದರು. ಮುಂದಿನ ಎಡಚಕ್ರಕ್ಕೆ ಕಪ್ಪು ಪೌಡರ್. ಮುಂದಿನ ಬಲಕ್ಕೆ ಮಂಡ್ಯದಲ್ಲಿ ಬಿಳಿ ಬಣ್ಣ ಹೊಡೆಸಿ ಮೇಲೆ ಲ್ಯಾಕರ್. ಹಿಂದಿನ ಎಡಕ್ಕೆ ವಾರಕ್ಕೊಮ್ಮೆ ಹೊಂಗೆ ಎಣ್ಣೆ, ಅತ್ತೆಯ ನೆನಪಿಗೆ. ಹಿಂದಿನ ಬಲಕ್ಕೆ ಏನೂ ಇಲ್ಲ, ಬರೀ ಕಬ್ಬಿಣ. ಒಂದು ವರ್ಷ ಹೀಗೆಯೇ ಓಡಿಸಿ ನೋಡುವುದು ಎಂದು ತೀರ್ಮಾನ.

"ಮೂವತ್ತು ವರ್ಷ ತುಕ್ಕು ಹಿಡಿಯೋದನ್ನ ಬೋರ್ಡ್ ಮೇಲೆ ಬರೆದು ತೋರ್ಸಿದೀನಿ ಕಣೆ. ಸ್ಕೂಲಲ್ಲಿ ಇದ್ದಿದ್ದೇ ಎರಡು ಗಾಜಿನ ನಳಿಗೆ, ಅದೂ ಒಡೆದಿದ್ದು. ಒಂದ್ಸಲನಾದ್ರೂ ಕಣ್ಣಾರೆ ನೋಡ್ಬೇಡವಾ?" ಎಂದರು.

ಆ ಕಾರಿನಲ್ಲಿ ಅವರು ನನ್ನನ್ನು ಕಾರ್ಖಾನೆಗೆ ಬಿಟ್ಟ ಮೊದಲ ದಿನ ಗೇಟಿನ ಕಾವಲುಗಾರ ಒಂದು ಸುತ್ತು ಬಂದು ನೋಡಿದ. "ಇದೇನವ್ವಾ, ನಾಕ್ ಕಾರಿಂದ ಒಂದೊಂದ್ ಚಕ್ರ ಬಿಚ್ಕಂಡ್ ಬಂದಿದೀರಾ?"

ಯಜಮಾನರಂತೂ ಅದನ್ನು ಹತ್ತಲೇ ಇಲ್ಲ. ಒಂದೇ ಮದುವೆಗೆ ಟೀಚರು ಕಾರಿನಲ್ಲಿ, ಅವರು ಬಸ್ಸಿನಲ್ಲಿ. "ನೀನು ನಿನ್ ಪ್ರಯೋಗದ್ ಜೊತೆ ಬಾ. ನಾನು ಮನ್ಸನಂಗೆ ಬತ್ತೀನಿ" ಎನ್ನುತ್ತಿದ್ದರು.

ಪ್ರಯೋಗಕ್ಕೆ ದೊಡ್ಡ ವಿಘ್ನ ಬೀದಿನಾಯಿಗಳದು. ಮನೆ ಮುಂದೆ ನಿಂತ ಕಾರಿನ ರಸ್ತೆ ಕಡೆಯ ಚಕ್ರಗಳ ಮೇಲೆಯೇ ಅವು ಕಾಲೆತ್ತುತ್ತಿದ್ದವು. ಇದರಿಂದ ಫಲಿತಾಂಶ ಕೆಡುತ್ತದೆಂದು ಟೀಚರಿಗೆ ಚಿಂತೆ. ಕಡೆಗೆ ದಿನವೂ ಬೆಳಿಗ್ಗೆ ಕಾರಿನ ದಿಕ್ಕು ತಿರುಗಿಸಿ ನಿಲ್ಲಿಸತೊಡಗಿದರು. ಒಂದು ದಿನ ಮೂತಿ ಮೂಡಲಿಗೆ, ಮರುದಿನ ಪಡುವಲಿಗೆ. ಕಿರಿದಾದ ಬೀದಿಯಲ್ಲಿ ಅವರು ಹಿಂದೆ ಮುಂದೆ ಮಾಡುವಷ್ಟರಲ್ಲಿ ಹಾಲಿನವನು, ಸೊಪ್ಪಿನವಳು ಎಲ್ಲ ಸಾಲಾಗಿ ನಿಂತಿರುತ್ತಿದ್ದರು. "ನಾಕ್ಕೂ ಸಮಪಾಲು ಬರಬೇಕಲ್ಲಪ್ಪ" ಎಂದು ಟೀಚರು ಅವರಿಗೆ ಸಮಾಧಾನ ಹೇಳುತ್ತಿದ್ದರು. ಏನು ಸಮಪಾಲು ಎಂದು ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಹನ್ನೊಂದು ತಿಂಗಳು ಕಳೆಯಿತು. ಒಂದು ಭಾನುವಾರ ಮಳವಳ್ಳಿಗೆ ನಾಮಕರಣಕ್ಕೆಂದು ಟೀಚರು, ನಾನು ಹೊರಟೆವು. ಊರು ದಾಟುವ ಮುಂಚೆಯೇ ಪಂಕ್ಚರ್. ಪಂಕ್ಚರ್ ಅಂಗಡಿಯವನು ಟೀಚರ ಹಳೆಯ ಶಿಷ್ಯ. "ಬುಡಿ ಟೀಚ್ರೇ, ನೀವು ಬಸ್ಸಲ್ಲಿ ಓಗ್ಬನ್ನಿ. ಸಂಜೆಗೆ ರೆಡಿ ಮಾಡಿರ್ತೀನಿ" ಎಂದ.

ಸಂಜೆ ಬಂದು ನೋಡಿದರೆ ನಾಲ್ಕು ಚಕ್ರವೂ ಬೆಳ್ಳಿಯ ತಟ್ಟೆಯ ಹಾಗೆ ಥಳಥಳ! ಅಂಗಡಿಯ ತುಂಬ ತಿನ್ನರಿನ ವಾಸನೆ.

ಅವನು ಕೈ ಒರೆಸಿಕೊಳ್ಳುತ್ತ ತಲೆ ತಗ್ಗಿಸಿದ. "ಟೀಚ್ರಮ್ಮಂಗೆ ಪಿಂಚಣಿ ಸಾಲಕಿಲ್ವಂತೆ, ಅದ್ಕೇ ಒಂದೊಂದೇ ಚಕ್ರ ಮಾಡುಸ್ತಾವ್ರೆ ಅಂತ ಊರೆಲ್ಲ ಆಡ್ಕತಾರೆ. ನಂಗೆ ತಡಿಯಕಾಗ್ನಿಲ್ಲ ಟೀಚ್ರೇ. ನಾಕ್ಕೂ ಬಳುದ್ಬುಟ್ಟೆ. ಏನೂ ಕೊಡ್ಬ್ಯಾಡಿ."

ನಾನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಟೀಚರು ನನ್ನ ಕೈ ಒತ್ತಿ ಹಿಡಿದರು. ನಿಧಾನವಾಗಿ ಕಾರನ್ನು ಸುತ್ತಿ ಬಂದರು. ಬರೀ ಕಬ್ಬಿಣದ ಚಕ್ರವಾಗಿದ್ದುದರ ಮುಂದೆ ಸ್ವಲ್ಪ ಹೊತ್ತು ನಿಂತರು.

"ಎಷ್ಟು ಕೋಟ್ ಹೊಡೆದೆಯಪ್ಪ?"

"ಮೂರು ಟೀಚ್ರೇ."

"ಬಾಳ ಚೆನ್ನಾಗದೆ ಕಣಪ್ಪ" ಎಂದರು.

ತಿರುವು ದಾಟಿದ ಮೇಲೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು. ಅಳುತ್ತಾರೆಂದುಕೊಂಡೆ. ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಒಂಬತ್ತನೇ ಕ್ಲಾಸಲ್ಲಿ ಸೈನ್ಸಲ್ಲಿ ಅವ್ನನ್ನ ನಾನು ಫೇಲ್ ಮಾಡಿದ್ದೆ ಕಣೆ. ಈಗ ಅವ್ನು ನನ್ನನ್ನ ಫೇಲ್ ಮಾಡ್ಬುಟ್ಟ!"

ಅವನಿಗೆ ನಿಜ ಹೇಳಬಹುದಿತ್ತಲ್ಲ ಎಂದೆ. "ಹೇಳಿದ್ರೆ ಅವ್ನು ಇನ್ನೊಂದ್ಸಲ ಯಾರಿಗಾದ್ರೂ ಒಳ್ಳೇದ್ ಮಾಡ್ತಾನಾ?" ಎಂದು ಕಣ್ಣೊರೆಸಿಕೊಂಡರು. ದೀಪಾವಳಿ ಕಳೆದ ಮೇಲೆ ಮೊದಲಿಂದ ಶುರು ಮಾಡೋಣ ಎಂದರು. ಆ ವಾರದಿಂದ ಯಜಮಾನರು ಮುಂದಿನ ಸೀಟಿನಲ್ಲಿ ಠೀವಿಯಿಂದ ಕೂರತೊಡಗಿದರು.

ದೀಪಾವಳಿಗೆ ಮೊದಲೇ, ಒಂದು ಬೆಳಿಗ್ಗೆ, ಟೀಚರು ಎದೆನೋವು ಎಂದರು. ಅಷ್ಟೇ... ಕಾರನ್ನು ಅಲ್ಲೇ ಮದ್ದೂರು ಕಡೆಯ ಕೊಪ್ಪದ ಹಾಲಿನ ವ್ಯಾಪಾರಿಯೊಬ್ಬರು ಕೊಂಡರು. ನಾನು ಮದುವೆಯಾಗಿ ಮಂಡ್ಯಕ್ಕೆ ಬಂದೆ.

ಮಗಳಿಗೆ ಇಷ್ಟೆಲ್ಲ ಹೇಳಿದ ಮೇಲೆ ಮನಸ್ಸು ತಡೆಯಲಿಲ್ಲ. ಮುಂದಿನ ಭಾನುವಾರ ಕೊಪ್ಪಕ್ಕೆ ಹೋದೆ. ಕಾರು ಇನ್ನೂ ಓಡುತ್ತಿತ್ತು. ನಾನು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಚಕ್ರ ನೋಡುವಾಗ ವ್ಯಾಪಾರಿ "ಏನವ್ವಾ, ಕಾರ್ ತಕ್ಕತೀರಾ?" ಎಂದರು. ಶಿಷ್ಯ ಬಳಿದ ಬೆಳ್ಳಿ ಬಣ್ಣ ಎಲ್ಲ ಕಡೆ ಎದ್ದುಹೋಗಿತ್ತು. ಬರೀ ಕಬ್ಬಿಣದ ಚಕ್ರ ಹಪ್ಪಳದಂತೆ ಸಿಪ್ಪೆಯೇಳುತ್ತಿತ್ತು. ಲ್ಯಾಕರ್ ಅಂಚಿನಲ್ಲಿ ಗುಳ್ಳೆ ಬಂದಿತ್ತು. ಕಪ್ಪು ಪೌಡರ್ ಮಾತ್ರ ಹಾಗೆಯೇ ಇತ್ತು, ಒಂದು ಚುಕ್ಕೆ ತುಕ್ಕಿಲ್ಲ.

ಫಲಿತಾಂಶ ಸಿಕ್ಕಿತ್ತು. ಹೇಳಲು ಯಾರಿದ್ದಾರೆ? ಟೀಚರ ಯಜಮಾನರಿಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡರು.

"ನಮ್ಮವ್ವನ ಎಣ್ಣೆ ಏನಾಯ್ತು?"

"ಆ ಚಕ್ರನೂ ತುಕ್ಕು ಹಿಡಿದದೆ ಸಾರ್."

"ಸವರೋರು ಇರ್ಬೇಕಲ್ಲವ್ವಾ..." ಎಂದರು.