ದ್ವೀಪದ ಸಂಬಳ, ಮನೆಮನೆಯ ಹೋಳಿಗೆ

ಏಳೆಂಟು ಮನೆಗಳ ಹೋಳಿಗೆ ಉಂಡಾದ ಮೇಲೆ ಹಣಮೇಶನಿಗೆ ಅನುಮಾನ ಹುಟ್ಟಿತು. ಮೊದಲ ಮನೆಯ ಹೊಸ್ತಿಲು ದಾಟುವ ಮುಂಚೆಯೇ ಅದು ಹುಟ್ಟಿದ್ದರೆ ಇಷ್ಟು ತಲೆ ತಗ್ಗಿಸುವ ಪ್ರಸಂಗ ಬರುತ್ತಿರಲಿಲ್ಲ.

ಸುರಪುರದ ನಮ್ಮ ಓಣಿಯಲ್ಲಿ ಅವನನ್ನು ಅರಿಯದವರಿಲ್ಲ. ಐಟಿಐ ಓದಿದವನು. ಕಡೇಚೂರಿನ ಒಂದು ಔಷಧಿ ಕಾರ್ಖಾನೆಯಲ್ಲಿ ಜನರೇಟರ್ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದ. ಅಲ್ಲೇ ನಾಲ್ಕು ಜನ ಸೇರಿ ಒಂದು ರೂಮು ಹಿಡಿದಿದ್ದರು. ವಾರದ ರಜೆಗೆ ಊರಿಗೆ ಬಂದರೆ ಯಾರ ಮನೆಯ ಮೋಟರು ಕೆಟ್ಟಿದ್ದರೂ ಬಿಚ್ಚಿ ಸರಿಮಾಡುತ್ತಿದ್ದ. ಚಹಾ ಕೊಟ್ಟರೆ ಕುಡಿಯುತ್ತಿದ್ದ, ಕೊಡದಿದ್ದರೆ ಕೈ ಒರೆಸಿಕೊಂಡು ಹೊರಡುತ್ತಿದ್ದ. ಬಾಯಿಬಿಟ್ಟು ಕೇಳುವುದು ಅವನಿಗೆ ಬಾರದು.

ಅದು ತಂದೆಯಿಂದ ಬಂದ ಗುಣ. ತಂದೆ ಅಮಾತೆಪ್ಪನವರು ಹರೆಯವನ್ನೆಲ್ಲ ಹುಣಸಗಿಯ ಸಾವಕಾರರೊಬ್ಬರ ಹೊಲದಲ್ಲಿ ಸಂಬಳದಾಳಾಗಿ ಕಳೆದವರು. ಯುಗಾದಿಗೆ ವರ್ಷದ ಮಾತಾಗುತ್ತಿತ್ತು. ಮಾತಾಡುವುದು ಸಂಬಳ ಒಂದನ್ನೇ. ಎರಡು ಹೊತ್ತಿನ ಊಟ, ಒಂದು ಜೋಡಿ ಬಟ್ಟೆ, ಇರಲು ಕೊಟ್ಟಿಗೆಯ ಮಗ್ಗುಲಿನ ಕೋಣೆ ಇವೆಲ್ಲ ಧಣಿಯ ಕಡೆಯವು. ಅದನ್ನು ಧಣಿಯೂ ಹೇಳುವುದಿಲ್ಲ, ಆಳೂ ಕೇಳುವುದಿಲ್ಲ. ಕೇಳಿದರೆ ಧಣಿಗೆ ಜಿಪುಣ ಎಂದಂತೆ, ತಾನು ಉಣ್ಣಲು ಗತಿಯಿಲ್ಲದವನು ಎಂದು ಸಾರಿದಂತೆ. ಕೂಲಿಗೆ ಹೋಗುವ ಕಿರಿಯರಿಗೆಲ್ಲ ಅಮಾತೆಪ್ಪನವರು ಹೇಳುತ್ತಿದ್ದ ಬುದ್ಧಿಮಾತು ಒಂದೇ: "ಸಂಬಳ ಮಾತಾಡ್ರಿ. ರೊಟ್ಟಿ ಮಾತಾಡಬ್ಯಾಡ್ರಿ. ಮಾನ ಹೋಗತದ."

ಮಾಲ್ದೀವ್ಸಿನ ಕೆಲಸದ ಸುದ್ದಿ ಬಂದದ್ದು ಯಾದಗಿರಿಯ ಏಜೆಂಟನೊಬ್ಬನಿಂದ. ಮಾಲೆ ಎಂಬ ಪಟ್ಟಣದ ಪಕ್ಕದ ದ್ವೀಪ. ಮೀನಿಗೆ ಹಾಕುವ ಐಸ್ ಮಾಡುವ ಕಾರ್ಖಾನೆ. ಅಲ್ಲಿಯ ಜನರೇಟರ್ ನೋಡಿಕೊಳ್ಳಬೇಕು. ಸಂಬಳ ಕಡೇಚೂರಿನದಕ್ಕಿಂತ ಎರಡೂವರೆ ಪಟ್ಟು. ಏಜೆಂಟನ ಆಫೀಸಿನಲ್ಲಿ ಫೋನಿನ ಪರದೆಯ ಮೇಲೆ ಅಲ್ಲಿಯ ಮ್ಯಾನೇಜರು ಮಾತಾಡಿದರು. ಹಿಂದಿಯಲ್ಲಿ ಇಂಜಿನ್ನಿನ ಬಗ್ಗೆ ಏನೇನೋ ಕೇಳಿದರು. ಹಣಮೇಶ ಎಲ್ಲಕ್ಕೂ ಸರಿಯಾಗಿ ಉತ್ತರ ಹೇಳಿದ. ಕೊನೆಗೆ ಆ ಮನುಷ್ಯ, "ಔರ್ ಕುಛ್ ಪೂಛನಾ ಹೈ?" ಎಂದು, ಇನ್ನೇನಾದರೂ ಕೇಳುವುದಿದೆಯೇ ಎಂದರು.

ಹಣಮೇಶನ ನಾಲಿಗೆಯ ತುದಿಗೆ ಊಟದ ಮಾತು, ಇರುವ ಜಾಗದ ಮಾತು ಬಂದಿತ್ತು. ಪಕ್ಕದಲ್ಲಿ ಬಿಳಿ ರುಮಾಲು ಸುತ್ತಿ ಕೂತಿದ್ದ ಅಮಾತೆಪ್ಪನವರು ಮೇಜಿನ ಕೆಳಗೆ ಮಗನ ಮೊಳಕಾಲು ಒತ್ತಿದರು. ಹಣಮೇಶ ನಕ್ಕು, "ಕುಛ್ ನಹೀಂ ಸಾಬ್" ಎಂದ.

ಮ್ಯಾನೇಜರೂ ಸುಳ್ಳು ಹೇಳಲಿಲ್ಲ, ಏಜೆಂಟನೂ ಹೇಳಲಿಲ್ಲ. ಕೇಳದ ಮಾತಿಗೆ ಉತ್ತರ ಬರಲಿಲ್ಲ, ಅಷ್ಟೇ.

ಸುದ್ದಿ ಓಣಿಗೆ ಬಂತು. ದೂರ ದೇಶಕ್ಕೆ ಹೊರಟವರನ್ನು ನಮ್ಮಲ್ಲಿ ಬರಿಗೈಲಿ, ಬರಿಹೊಟ್ಟೆಯಲ್ಲಿ ಕಳಿಸುವುದಿಲ್ಲ. ಒಂದೊಂದು ಮನೆಯವರು ಒಂದೊಂದು ದಿನ ಊಟಕ್ಕೆ ಕರೆಯುತ್ತಾರೆ. ಹೋಳಿಗೆ ಮಾಡುತ್ತಾರೆ. ಉಂಡ ಮೇಲೆ ಹಣೆಗೆ ವಿಭೂತಿ ಹಚ್ಚಿ, ಹೆಗಲಿಗೆ ಟವೆಲು ಹಾಕಿ, ಹೆಂಡತಿಯ ಉಡಿಗೆ ಕುಬಸದ ಕಣ, ಅಂದರೆ ರವಿಕೆಯ ಬಟ್ಟೆ, ಇಡುತ್ತಾರೆ. ಇದಕ್ಕೆ ಆಯೇರಿ ಎನ್ನುತ್ತೇವೆ. ಕೊಡುವವರ ಮನೆಯಲ್ಲಿ ಹಬ್ಬವಿಲ್ಲದಿದ್ದರೂ ಅಂದು ಹಬ್ಬ. ಹಣಮೇಶ ಕಡೇಚೂರಿನ ಕೆಲಸ ಬಿಟ್ಟು ಬಂದು, ದಿನವೂ ಇಸ್ತ್ರಿ ಅಂಗಿ ಹಾಕಿಕೊಂಡು, ಹೆಂಡತಿ ರೇವತಿಯನ್ನೂ ತಂದೆಯನ್ನೂ ಕರೆದುಕೊಂಡು ಮನೆಯಿಂದ ಮನೆಗೆ ಹೋದ.

"ಇಷ್ಟು ಹೋಳಿಗಿ ಹೊಡದು ಕುಂತ್ರ ಅಲ್ಲಿ ದೋಣಿ ಮುಳಗತದ ನೋಡಪ" ಎಂದು ಸಂಗಣ್ಣ ಎಂಬ ನೆರೆಯವರು ತುಪ್ಪ ಹಾಕುತ್ತಲೇ ಚೇಷ್ಟೆ ಮಾಡಿದರು.

"ಮುಳಗಲಿ ಬಿಡು. ಅಲ್ಲಿ ಧಣಿ ದೊಡ್ಡವ ಅದಾನ, ಇನ್ನೊಂದು ದೋಣಿ ತರತಾನ" ಎಂದರು ಅಮಾತೆಪ್ಪನವರು. ಆ ದಿನಗಳಲ್ಲಿ ಅವರ ಧ್ವನಿಯೇ ಬೇರೆಯಾಗಿತ್ತು. ಗುಡಿಯ ಕಟ್ಟೆಯ ಮೇಲೆ ಮೊದಲು ಅಂಚಿಗೆ ಕೂಡುತ್ತಿದ್ದವರು ನಡುವೆ ಕೂಡತೊಡಗಿದ್ದರು.

ಒಂದು ಮಧ್ಯಾಹ್ನ ಎದುರುಮನೆಯ ಖಾಜಾಬೀ ಒಂದು ಚೀಲ ಜೋಳದ ಹಿಟ್ಟು ಹಿಡಿದುಕೊಂಡು ಬಂದರು. ಅವರ ಮಗಳು ಹುಮೇರಾ ಮಾಲೆಯಲ್ಲಿ ನರ್ಸು.

"ಹಣಮೇಶ ಬೇಟಾ, ಇದು ನಮ್ಮ ಹುಮೇರಾಗ ಒಯ್ಯಪ್ಪ. ರೊಟ್ಟಿ ತಿಂದು ವರ್ಷಾತಂತ ಅಳತಾಳ."

"ಅಲ್ಲಿ ಸಿಗೂದಿಲ್ಲೇನು ಚಾಚಿ?"

"ನೀನೇ ಕೇಳು" ಎಂದು ಫೋನು ಹಚ್ಚಿ ಕೊಟ್ಟರು.

ಹುಮೇರಾ ಖುಷಿಯಿಂದ ಮಾತಾಡಿದಳು. "ಬಾ ಹಣಮೇಶಣ್ಣ. ಊರಾವ್ರು ಒಬ್ರು ಬಂದ್ರ ಜೀವಕ್ಕ ಹಗುರ. ಅಲ್ಲ, ಖಾನಾ, ರೂಮು ಕಂಪ್ನಿದು ಹೌದಲ್ಲ?"

ಹಣಮೇಶ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಯಾಕ ಕೇಳ್ತೇನಂದ್ರ, ಇಲ್ಲಿ ಮೀನು ಬಿಟ್ರ ಮತ್ತೇನೂ ಬೆಳೆಯೂದಿಲ್ಲ. ಉಳ್ಳಾಗಡ್ಡಿಯಿಂದ ಕೊತ್ತಂಬ್ರಿ ತನಕ ಎಲ್ಲಾ ಹಡಗಿನ್ಯಾಗ ಬರಬೇಕು. ಒಂದು ಕಿಲೋ ಟಮಾಟಿ ಅಂದ್ರ ನಮ್ಮೂರಾಗ ಹೆಣ್ಣಾಳಿನ ಅರ್ಧ ದಿನದ ಕೂಲಿ. ಕುಡಿಯೂ ನೀರೂ ಕೊಳ್ಳೂದು. ಜಾಗ ಅಂತೂ ಕೇಳಬ್ಯಾಡ, ಒಂದು ಹಾಸಿಗಿ ಹಿಡಿಯೂ ಸಂದಿಗೂ ಬಾಡಿಗಿ. ನಮಗ ದವಾಖಾನಿಯಾವ್ರು ಎರಡೂ ಕೊಡ್ತಾರ, ಅದಕ್ಕ ನಡೀತದ. ನಿಂದು ಹೆಂಗ?"

"ಕೇಳಿ ಹೇಳತೀನಿ ತಂಗಿ" ಎಂದು ಹಣಮೇಶ ಫೋನು ತಿರುಗಿ ಕೊಟ್ಟ. ಕಿವಿ ಕೆಂಪಾಗಿತ್ತು ಎಂದು ರೇವತಿ ಆಮೇಲೆ ನನಗೆ ಹೇಳಿದಳು.

ಮನೆಯಲ್ಲಿ ತಂದೆಯ ಎದುರು ಕೇಳುವಂತಿಲ್ಲ. ಗುಡಿಯ ಹಿಂದಿನ ಬಂಡೆಗಲ್ಲುಗಳ ಮರೆಗೆ ಹೋಗಿ, ಕಳ್ಳತನ ಮಾಡುವವನ ಹಾಗೆ ಅತ್ತಿತ್ತ ನೋಡಿ, ಮ್ಯಾನೇಜರಿಗೆ ಫೋನಿನಲ್ಲೇ ದನಿಯ ಸಂದೇಶ ಕಳಿಸಿದ. ಊಟ ಎನ್ನುವ ಒಂದು ಮಾತಿಗೆ ಬಂದು ಮೂರು ಸಲ ನಿಲ್ಲಿಸಿದನಂತೆ. ಹೇಳಿ, ಅಳಿಸಿ, ಮತ್ತೆ ಹೇಳಿದ. ಉತ್ತರ ಬೇಗನೇ ಬಂತು, ಅದರಲ್ಲಿ ಸಿಟ್ಟಿರಲಿಲ್ಲ. ಊಟ ನಿಮ್ಮದು, ರೂಮು ನಿಮ್ಮದು, ಹೋಗಿಬರುವ ವಿಮಾನ ಮಾತ್ರ ನಮ್ಮದು. ಸಂಬಳ ಅದಕ್ಕೇ ಅಷ್ಟು ಇಟ್ಟಿದ್ದೇವೆ. ಮೊದಲೇ ಕೇಳಿದ್ದರೆ ಹೇಳುತ್ತಿದ್ದೆ.

ರೇವತಿ ಅಂಗಳದಲ್ಲಿ ತೊಗರಿ ಬೇಳೆ ಹಸನು ಮಾಡುತ್ತಿದ್ದಳು. ಗಂಡ ಬಂದು ಹೇಳಿದ ಮೇಲೆ ಹುಮೇರಾಳನ್ನು ಮತ್ತೊಮ್ಮೆ ಕೇಳಿ ಅಲ್ಲಿಯ ಬೆಲೆಗಳನ್ನು ತಿಳಿದುಕೊಂಡು, ಮೊರದಲ್ಲಿ ಬೇಳೆಯ ಹತ್ತು ಗುಂಪಿ ಮಾಡಿದಳು.

"ಇದು ದ್ವೀಪದ ಸಂಬಳ. ನಾಲ್ಕು ಮಂದಿ ಕೂಡಿ ರೂಮು ಹಿಡದ್ರೂ ಮೂರು ಗುಂಪಿ ಹೋತು. ಉಣ್ಣಾಕ ಮೂರೂವರಿ. ನೀರು, ಸಬಕಾರ, ಫೋನು, ಜಡ್ಡು ಜಾಪತ್ರಿ ಬಂದ್ರ ಗುಳಿಗಿ ಅಂತ ಒಂದು. ಉಳದದ್ದು ಎರಡೂವರಿ."

"ಕಡೇಚೂರಿನ ಸಂಬಳ?"

"ಇದರಾಗ ನಾಲ್ಕು ಗುಂಪಿ. ಅಲ್ಲಿ ಖರ್ಚು ಒಂದೂವರಿ. ಹೌದಿಲ್ರಿ?"

ಹಣಮೇಶ ಉಳಿದದ್ದನ್ನು ನೋಡಿದ. ಅಲ್ಲಿಯೂ ಎರಡೂವರೆ, ಇಲ್ಲಿಯೂ ಎರಡೂವರೆ.

"ಇಷ್ಟಕ್ಕ ಸಮುದ್ರ ದಾಟಬೇಕೇನ್ರಿ?" ಎಂದಳು ರೇವತಿ.

ಸಂಬಳ ಸಾಲುವುದಿಲ್ಲ ಎನ್ನುವುದು ಅವನನ್ನು ಅಷ್ಟು ಚುಚ್ಚಲಿಲ್ಲ. ಸಾಲದ ಸಂಬಳವನ್ನು ಹೇಳಿಕೊಂಡು ಇಷ್ಟು ಮನೆಗಳ ಹೋಳಿಗೆ ಉಂಡೆನಲ್ಲ ಎನ್ನುವುದು ಚುಚ್ಚಿತು. ಸಂಗಣ್ಣನ ಮನೆಯ ತುಪ್ಪ ನೆನಪಾಯಿತು. ಅವರ ಮನೆಯಲ್ಲಿ ಮಕ್ಕಳಿಗೂ ತುಪ್ಪ ಹಬ್ಬಕ್ಕೇ. ಕೊಟ್ಟವರು ದೂರ ಹೋಗುವವನಿಗೆಂದು ಕೊಟ್ಟದ್ದು. ಹೋಗದವನು ಅದನ್ನು ಉಂಡರೆ ಏನೆನ್ನಬೇಕು? ಅನ್ನಕ್ಕೆ ಸುಳ್ಳು ಹೇಳಬಾರದೆಂದು ನಂಬಿದ ಮನೆ ಹಣಮೇಶನದು. ಎರಡು ದಿನ ಅವನು ಓಣಿಯಲ್ಲಿ ತಲೆ ಎತ್ತಲಿಲ್ಲ. ಮೋಟರು ರಿಪೇರಿಗೆ ಕರೆಯಲು ಬಂದವರಿಗೂ ಮನೆಯಲ್ಲಿಲ್ಲ ಎಂದು ರೇವತಿಯಿಂದ ಹೇಳಿಸಿದ.

ಕಡೆಗೆ ತಂದೆಗೆ ಹೇಳಿದ. ಅಮಾತೆಪ್ಪನವರು ಮೊದಲು ನಂಬಲಿಲ್ಲ. "ಊಟ ಹಾಕದ ಧಣಿ ಎಂಥಾ ಧಣಿಯೋ?" ಎಂದರು. ಆಮೇಲೆ ನಂಬಿದರು. ನಂಬಿದ ಮೇಲೆ ಅವರ ಸಿಟ್ಟೆಲ್ಲ ಮಗನ ಮೇಲೆ ತಿರುಗಿತು.

"ಗುಡಿ ಹಿಂದ ಹೋಗಿ ರೊಟ್ಟಿ ಕೇಳಿದಿ? ನನ್ನ ಮಗ ಆಗಿ?"

"ಕೇಳಲಿಲ್ಲಂದ್ರ ಅಲ್ಲಿ ಹೋಗಿ ಉಪವಾಸ ಬೀಳತಿದ್ದೆ ಎಪ್ಪಾ."

"ಬೀಳಬೇಕಿತ್ತು. ಒಂದು ವರ್ಷ ಬಿದ್ದು ಬರಬೇಕಿತ್ತು. ಊರ ಹೋಳಿಗಿ ಉಂಡೀದಿ ಹಣಮ್ಯಾ. ಉಂಡು, ಟವೆಲ್ ಹೊತ್ತು, ಇಲ್ಲೇ ಉಳದ್ರ ನಾ ಯಾವ ಮಾರಿಲೆ ಕಟ್ಟಿ ಮ್ಯಾಲ ಕೂಡಲಿ?"

ಹಣಮೇಶ ಆ ರಾತ್ರಿಯೆಲ್ಲ ಲೆಕ್ಕ ಹಾಕಿದ. ಹೋದರೆ ತಂದೆಯ ಮಾನ ಉಳಿಯುತ್ತದೆ, ಮನೆಗೆ ಒಂದು ಪೈಸೆ ಹೆಚ್ಚು ಬರುವುದಿಲ್ಲ. ಹೋಗದಿದ್ದರೆ ಮಾನ ಹೋಗುತ್ತದೆ, ಆದರೆ ಅದೇ ಎರಡೂವರೆ ಸಮುದ್ರ ದಾಟದೆಯೇ ಸಿಗುತ್ತದೆ. ಮರುದಿನ ಬೆಳಿಗ್ಗೆ ಕಡೇಚೂರಿನ ಕಾರ್ಖಾನೆಗೆ ಫೋನು ಮಾಡಿದ. ಬಾ, ಆದರೆ ಹೊಸಬನ ಲೆಕ್ಕದಲ್ಲಿ ಬಾ, ಹಳೆಯ ಸರ್ವೀಸು ಹಿಡಿಯುವುದಿಲ್ಲ ಎಂದರು. ಆಗಲಿ ಎಂದ. ಫೋನಿನ ಆ ಕಡೆ ಹಿಂದಿನಿಂದ ಯಾರೋ "ಏ, ದ್ವೀಪ ವಾಪಸ್ ಬರಾಕತ್ತದ ನೋಡ್ರೋ" ಎಂದು ನಕ್ಕದ್ದೂ ಕೇಳಿಸಿತು.

ಅಂದೇ ವನದುರ್ಗದಲ್ಲಿ ಕೊನೆಯ ಊಟವಿತ್ತು. ತೀರಿಕೊಂಡ ತಾಯಿಯ ತಮ್ಮ ರಾಮಲಿಂಗನ ಮನೆ. ಬೇಡವೆಂದು ಹೇಳಿ ಕಳಿಸೋಣ ಎಂದು ಹಣಮೇಶ ಅಂದ. ಬೆಳಗ್ಗೆಯೇ ಹೂರಣ ರುಬ್ಬಿರುತ್ತಾರೆ, ಹೋಗಲೇಬೇಕು ಎಂದು ಅಮಾತೆಪ್ಪನವರು ಅಂದರು. "ಅಲ್ಲಿ ಮಾತ್ರ ಬಾಯಿ ಬಿಡಬ್ಯಾಡ. ನಿಮ್ಮವ್ವನ ತವರುಮನಿ. ಉಂಡು ಸುಮ್ಮನ ಬರೋಣ" ಎಂದೂ ಅಂದರು. ರೇವತಿ ಬರುವುದಿಲ್ಲ ಎಂದಳು. ತಂದೆ ಮಗ ಇಬ್ಬರೇ ಬಸ್ಸು ಹತ್ತಿದರು.

ಪಡಸಾಲೆಯಲ್ಲಿ ನಾಲ್ಕಾರು ಜನ ನೆಂಟರು ಸೇರಿದ್ದರು. ಕಾಲು ತೊಳೆದು ಒಳಗೆ ಬಂದಾಗ ರಾಮಲಿಂಗನ ಹೆಂಡತಿ ಶಾಂತಾದೇವಿ ತಟ್ಟೆ ಹಾಕುತ್ತಿದ್ದಳು. ಹೋಳಿಗೆಯ ವಾಸನೆ ಮನೆ ತುಂಬಿತ್ತು. ಎಲ್ಲರೂ ಕೂತರು. ಹಣಮೇಶ ನಿಂತೇ ಇದ್ದ.

"ಕೂಡಪ, ವಿಮಾನ ಹೋಗೂದಿಲ್ಲ" ಎಂದ ರಾಮಲಿಂಗ.

"ಮಾಮಾ, ನಾ ಹೋಗಾಕತ್ತಿಲ್ಲ."

"ಎಲ್ಲಿಗಿ?"

"ದ್ವೀಪಕ್ಕ. ಹೇಳಿ ಉಣಬೇಕಂತ ಹೇಳೀನಿ. ಹೇಳದ ಉಂಡ್ರ ಇಳಿಯೂದಿಲ್ಲ ನನಗ."

ಶಾಂತಾದೇವಿಯ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. ಯಾಕೆ ಎಂದು ರಾಮಲಿಂಗ ಕೇಳಿದ. ಅದೇ ಎಲ್ಲಕ್ಕಿಂತ ಕಠಿಣ ಪ್ರಶ್ನೆ.

"ಸಂಬಳದಾಗ ಊಟ ಬರೂದಿಲ್ಲ ಮಾಮಾ. ರೂಮೂ ಇಲ್ಲ. ನಾನೇ ಮೊದಲ ಕೇಳಲಿಲ್ಲ."

"ಯಪ್ಪಾ! ಪರದೇಶಕ್ಕ ಹೊಂಟವ ಉಣ್ಣೂದೇ ಕೇಳಲಿಲ್ಲಂತ!" ಎಂದು ನೆಂಟರೊಬ್ಬರು ಜೋರಾಗಿ ನಕ್ಕರು. ಮತ್ತೊಬ್ಬರು, "ಇಲ್ಲಿ ಅಂತೂ ಕೇಳದನ ಉಂಡಾನ" ಎಂದರು. ಅದಕ್ಕೆ ಇನ್ನಷ್ಟು ನಗೆ ಎದ್ದಿತು.

ಅಮಾತೆಪ್ಪನವರು ತಟ್ಟೆಯ ಮುಂದಿನಿಂದ ಎದ್ದರು. ಯಾರನ್ನೂ ನೋಡಲಿಲ್ಲ. ಕೆರ ಮೆಟ್ಟಿಕೊಂಡು ಹೊರಗೆ ಹೋದರು. ಅಣ್ಣಾರ, ಅಣ್ಣಾರ ಎಂದು ಶಾಂತಾದೇವಿ ಬಾಗಿಲ ತನಕ ಹೋದಳು. ಅವರು ತಿರುಗಲಿಲ್ಲ. ಅವಳು ಒಳಗೆ ಬಂದು ನಗುತ್ತಿದ್ದವರ ಕಡೆ ಒಮ್ಮೆ ನೋಡಿದಳು. ನಗು ನಿಂತಿತು.

"ಹೋಗದವರಿಗಿ ಹಸಿವಿ ಆಗೂದಿಲ್ಲೇನು? ಕೂಡು. ನಮ್ಮ ಮನಿ ಮಗಳ ಮಗ ಅಂತ ಮಾಡೀನಿ, ದ್ವೀಪಕ್ಕ ಅಂತ ಮಾಡಿಲ್ಲ."

ಹಣಮೇಶ ಕೂತ. ಬಡಿಸಿದ ತಟ್ಟೆ ಬಿಟ್ಟು ಏಳುವುದು ಇನ್ನೊಂದು ತಪ್ಪಾಗುತ್ತದೆ ಎಂದುಕೊಂಡ. ಕಣ್ಣು ಎತ್ತದೆ ಉಂಡ. ರುಚಿ ಏನೂ ತಿಳಿಯಲಿಲ್ಲ ಎನ್ನುತ್ತಾನೆ. ಆಯೇರಿ ತರಲು ಎದ್ದ ರಾಮಲಿಂಗನ ಕೈ ಹಿಡಿದು, "ಇದೊಂದು ಬ್ಯಾಡ ಮಾಮಾ" ಎಂದ. ರಾಮಲಿಂಗ ಒತ್ತಾಯ ಮಾಡಲಿಲ್ಲ.

ಬಸ್ಸು ನಿಲ್ಲುವಲ್ಲಿ ತಂದೆ ಬಿಸಿಲಿಗೆ ಬೆನ್ನು ಹಾಕಿ ಕೂತಿದ್ದರು. ಇಬ್ಬರೂ ಶಹಾಪುರದ ಬಸ್ಸು ಹತ್ತಿದರು. ಅಲ್ಲಿ ಬಸ್ಸು ಬದಲಿಸುವಾಗ ಹಣಮೇಶ ಬಂಡಿಯವನ ಹತ್ತಿರ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ಕಟ್ಟಿಸಿಕೊಂಡು ಬಂದ. ಕೈಗೆ ಕೊಡಲು ಹೋದ. ಅಮಾತೆಪ್ಪನವರು ಕೈ ಚಾಚಲಿಲ್ಲ. "ನಾ ಕೇಳಿಲ್ಲ" ಎಂದರು.

ಸುರಪುರದ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಪೊಟ್ಟಣವನ್ನು ನಡುವೆ ಇಟ್ಟು ಹಣಮೇಶ ಕಿಟಕಿಯ ಕಡೆ ತಿರುಗಿದ. ಬಸ್ಸು ಊರು ದಾಟಿ ಭತ್ತದ ಗದ್ದೆಗಳ ನಡುವೆ ಓಡತೊಡಗಿತು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಕಾಗದ ಬಿಚ್ಚುವ ಸಪ್ಪಳ ಕೇಳಿಸಿತು. ಸುರಪುರ ಬರುವ ತನಕ ಅವನು ಕಿಟಕಿಯಿಂದ ಮುಖ ತೆಗೆಯಲಿಲ್ಲ.